ನೇರಳೆ ನೀರಿನ ಹಿಂದೆ ಬೆಂದ ಪ್ರೊಸೆಸರ್: ರಾಜಾಜಿನಗರದ ಒಂದು ಪ್ರಕರಣ ಅಧ್ಯಯನ

2024ರ ಏಪ್ರಿಲ್ ಮೂರನೆಯ ವಾರದಲ್ಲಿ, ರಾಜಾಜಿನಗರದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿರುವ, ಧಾರಾವಾಹಿಗಳಿಗೂ ಜಾಹೀರಾತುಗಳಿಗೂ ಗ್ರಾಫಿಕ್ಸ್ ಮಾಡಿಕೊಡುವ ಪುಟ್ಟ ಸ್ಟುಡಿಯೊ ಒಂದರಿಂದ ನನಗೆ ಕರೆ ಬಂತು. ಅವರ ಮುಖ್ಯ ಕಂಪ್ಯೂಟರು ಒಂದೂವರೆ ತಿಂಗಳಿಂದ ನಿಧಾನವಾಗುತ್ತಾ ಬಂದಿದೆ, ಮೊದಲು ನಾಲ್ಕು ಗಂಟೆಯಲ್ಲಿ ಮುಗಿಯುತ್ತಿದ್ದ ರೆಂಡರ್ (ಗ್ರಾಫಿಕ್ಸನ್ನು ಅಂತಿಮ ದೃಶ್ಯವಾಗಿಸುವ ಕೆಲಸ) ಈಗ ಏಳು ಗಂಟೆ ಹಿಡಿಯುತ್ತಿದೆ, ಸಾಫ್ಟ್‌ವೇರನ್ನು ಎರಡು ಸಲ ತೆಗೆದು ಹಾಕಿದ್ದಾಯಿತು, ಪ್ರೊಸೆಸರಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿದ್ದಾಯಿತು, ಯಾವುದರಿಂದಲೂ ಪ್ರಯೋಜನವಾಗಿಲ್ಲ ಎಂಬುದು ದೂರು. ನೀರಿನಿಂದ ತಂಪಾಗುವ ಕಂಪ್ಯೂಟರುಗಳನ್ನು ಜೋಡಿಸಿ ರಿಪೇರಿ ಮಾಡುವುದೇ ನನ್ನ ಕಸುಬಾದ್ದರಿಂದ ಇಂಥ ದೂರು ನನಗೆ ಹೊಸದಲ್ಲ. ಹೊಸದಾಗಿ ಕೇಳಿಸಿದ್ದು ಸ್ಟುಡಿಯೊದ ಒಡತಿ ಕೊನೆಯಲ್ಲಿ ಸೇರಿಸಿದ ಮಾತು: “ನೀರು ಬಿಸಿಯಾಗ್ತಿಲ್ಲ ಸರ್, ಅದಂತೂ ಗ್ಯಾರಂಟಿ. ಬಣ್ಣ ನೋಡಿದ್ರೇ ಗೊತ್ತಾಗುತ್ತೆ.”

ಅವರ ಮಾತು ನಿಜವಾಗಿತ್ತು. ನೀರು ಬಿಸಿಯಾಗುತ್ತಿರಲಿಲ್ಲ, ಮತ್ತು ರೋಗ ಇದ್ದದ್ದು ಅಲ್ಲಿಯೇ.

ಯಂತ್ರ ಮತ್ತು ಅದರೊಳಗಿನ ದ್ರವ

ಸಾಮಾನ್ಯ ಕಂಪ್ಯೂಟರಿನಲ್ಲಿ ಪ್ರೊಸೆಸರಿನ ಮೇಲೆ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನು ಇರುತ್ತದೆ. ಈ ಯಂತ್ರದಲ್ಲಿ ಅದರ ಬದಲಿಗೆ ಪ್ರೊಸೆಸರಿಗೊಂದು, ಗ್ರಾಫಿಕ್ಸ್ ಕಾರ್ಡಿಗೊಂದು ವಾಟರ್ ಬ್ಲಾಕ್ ಇತ್ತು. ತಾಮ್ರಕ್ಕೆ ನಿಕ್ಕಲ್ ಲೇಪಿಸಿದ ಈ ಬ್ಲಾಕಿನ ಒಳಗೆ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಕೊರೆದ ಏಣುಗಳಿರುತ್ತವೆ. ಎರಡು ಏಣುಗಳ ನಡುವಿನ ಸಂದು ಒಂದು ಮಿಲಿಮೀಟರಿನ ಕಾಲುಭಾಗದ ಆಸುಪಾಸು. ಪಂಪು ನೀರನ್ನು ರಿಸರ್ವಾಯರಿನಿಂದ, ಅಂದರೆ ಪುಟ್ಟ ತೊಟ್ಟಿಯಿಂದ, ಎಳೆದು ಮೊದಲು ಪ್ರೊಸೆಸರಿಗೆ, ಅಲ್ಲಿಂದ ಗ್ರಾಫಿಕ್ಸ್ ಕಾರ್ಡಿಗೆ, ಆಮೇಲೆ ಎರಡು ರೇಡಿಯೇಟರುಗಳಿಗೆ ತಳ್ಳುತ್ತದೆ; ಅಲ್ಲಿ ಶಾಖವನ್ನು ಗಾಳಿಗೆ ಬಿಟ್ಟು ನೀರು ಮತ್ತೆ ರಿಸರ್ವಾಯರಿಗೆ ಬರುತ್ತದೆ. ಕಾರಿನ ಎಂಜಿನ್ನಿನಲ್ಲಿ ನಡೆಯುವುದೂ ಇದೇ, ಆದರೆ ಕಾರಿನ ಬಾನೆಟ್ಟು ಗಾಜಿನದ್ದಲ್ಲ. ಈ ಕಂಪ್ಯೂಟರಿನ ಪೆಟ್ಟಿಗೆ ಗಾಜಿನದು, ಕೊಳವೆಗಳು ಪಾರದರ್ಶಕ, ಸ್ಟುಡಿಯೊಗೆ ಬಂದ ಪ್ರತಿಯೊಬ್ಬ ಗಿರಾಕಿಯ ಕಣ್ಣಿಗೂ ಅದು ಬೀಳುವಂತೆ ಇಟ್ಟಿದ್ದರು. ಹಾಗಾಗಿಯೇ ಹಿಂದಿನ ವರ್ಷ ಅದನ್ನು ಜೋಡಿಸಿಕೊಟ್ಟವರು ಬಣ್ಣ ಬದಲಾಯಿಸುವ ಕೂಲೆಂಟ್, ಅಂದರೆ ತಂಪುಗೊಳಿಸುವ ದ್ರವ, ತುಂಬಿದ್ದರು: 38 ಡಿಗ್ರಿಗಿಂತ ಕೆಳಗೆ ನೇರಳೆ, ದಾಟಿದರೆ ಗುಲಾಬಿ.

ಬಣ್ಣ ತಿರುಗುವ ನೀರು ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಗಿ ಆರತಿಯ ಓಕುಳಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಅಲ್ಲಿ ಬಣ್ಣ ತಿರುಗಿಸುವುದು ಕ್ಷಾರ, ಇಲ್ಲಿ ಶಾಖ. ಇದಕ್ಕೆ ಹತ್ತಿರದ ಉದಾಹರಣೆಯೆಂದರೆ ಉಡುಗೊರೆ ಅಂಗಡಿಯ ಕಪ್ಪು ಮಗ್. ಬಿಸಿ ಕಾಫಿ ಹೊಯ್ದರೆ ಕಪ್ಪು ಮಾಯವಾಗಿ ಅಡಿಯಲ್ಲಿರುವ ಫೋಟೊ ಕಾಣುತ್ತದಲ್ಲ, ಅದೇ ಮರ್ಮ. ದ್ರವದಲ್ಲಿ ತೇಲುತ್ತಿರುವುದು ಕರಗಿದ ಬಣ್ಣವಲ್ಲ, ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳತೆಯ ಅಸಂಖ್ಯಾತ ಗುಳಿಗೆಗಳು. ಒಂದೊಂದು ಗುಳಿಗೆಯ ಚಿಪ್ಪಿನೊಳಗೆ ಮೂರು ಪದಾರ್ಥಗಳಿರುತ್ತವೆ: ಲ್ಯೂಕೊ ಎಂಬ ಜಾತಿಯ ಬಣ್ಣ, ಒಂದು ದುರ್ಬಲ ಆಮ್ಲ ಮತ್ತು ಮೇಣದಂಥ ಒಂದು ಕೊಬ್ಬಿನ ಆಲ್ಕೊಹಾಲು. ಮೇಣ ಗಟ್ಟಿಯಾಗಿರುವಷ್ಟು ಹೊತ್ತು ಬಣ್ಣವೂ ಆಮ್ಲವೂ ಕೂಡಿಕೊಂಡಿದ್ದು ನೀಲಿ ಕಾಣುತ್ತದೆ. ಮೇಣ ಕರಗಿದಾಗ ಆ ಜೋಡಿ ಬಿಟ್ಟುಹೋಗಿ ನೀಲಿ ಅಳಿಯುತ್ತದೆ. ಆರಿದರೆ ಮತ್ತೆ ಕೂಡುತ್ತದೆ. ಕಾರ್ಬನ್ ಹಾಳೆ ಇಲ್ಲದೆಯೇ ನಕಲು ಮೂಡಿಸುವ ಬಿಲ್ ಪುಸ್ತಕಗಳಲ್ಲಿ ಬಳಸುತ್ತಾ ಬಂದಿರುವ ಕ್ರಿಸ್ಟಲ್ ವಯಲೆಟ್ ಲ್ಯಾಕ್ಟೋನ್ ಇದೇ ಜಾತಿಗೆ ಸೇರಿದ್ದು. ಇಂಥ ನೀಲಿಗೆ ಶಾಖಕ್ಕೆ ಅಲುಗದ ಗುಲಾಬಿ ವರ್ಣಕವನ್ನು ಬೆರೆಸಿಬಿಟ್ಟರೆ ತಣ್ಣಗಿದ್ದಾಗ ಎರಡೂ ಸೇರಿ ನೇರಳೆ, ಬಿಸಿಯಾದಾಗ ಗುಲಾಬಿಯಷ್ಟೇ ಉಳಿಯುತ್ತದೆ. ಹೋದ ಬಣ್ಣ ಮರಳುವುದು ಹೋದ ಉಷ್ಣತೆಯಲ್ಲೇ ಅಲ್ಲ, ಅದಕ್ಕಿಂತ ಕೆಲವು ಡಿಗ್ರಿ ಕೆಳಗೆ; ಆದ್ದರಿಂದ ಇದನ್ನು ಥರ್ಮಾಮೀಟರಿನಂತೆ ಓದಲು ಹೊರಟವರಿಗೆ ಅಲ್ಲಿಯೇ ಮೊದಲ ಎಡವಟ್ಟು ಕಾದಿರುತ್ತದೆ.

ಮೊದಲ ಭೇಟಿ

ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ಆ ತಿಂಗಳು ಬೆಂಗಳೂರಿನ ಉಷ್ಣತೆ 38 ಡಿಗ್ರಿಯನ್ನೂ ದಾಟಿತ್ತು. ಎಸಿ ಹಾಕಿದ್ದರೂ ಯಂತ್ರವಿದ್ದ ಕೋಣೆಯಲ್ಲಿ 29 ಡಿಗ್ರಿ ಇತ್ತು. ರೆಂಡರ್ ಹಚ್ಚಿಸಿ ನೋಡಿದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಪ್ರೊಸೆಸರಿನ ಉಷ್ಣತೆ 100 ಡಿಗ್ರಿಗೆ ಮುಟ್ಟಿ, ತನ್ನನ್ನು ಕಾಪಾಡಿಕೊಳ್ಳಲು ಅದು ವೇಗವನ್ನು ಕಡಿತಗೊಳಿಸಿತು. ಸಾಮಾನ್ಯವಾಗಿ 250 ವಾಟ್ ಎಳೆಯಬೇಕಾದ ಪ್ರೊಸೆಸರು 110ರ ಸುತ್ತ ತೆವಳುತ್ತಿತ್ತು. ಇತ್ತ ಎದುರಿನ ಗಾಜಿನಲ್ಲಿ ರಿಸರ್ವಾಯರು ಅಚ್ಚ ನೇರಳೆ ಬಣ್ಣದಲ್ಲಿ, ನೇರಳೆ ಹಣ್ಣು ತಿಂದ ನಾಲಿಗೆಯಂತೆ, ಹಾಯಾಗಿ ಹೊಳೆಯುತ್ತಿತ್ತು.

ಒಡತಿ ತಮ್ಮ ವಾದವನ್ನು ಮುಂದಿಟ್ಟರು. ಸಂಕ್ರಾಂತಿಯ ಹೊತ್ತಿನಲ್ಲಿ, ಅಷ್ಟು ಚಳಿಯಲ್ಲಿಯೂ, ರೆಂಡರ್ ಇಟ್ಟ ಅರ್ಧ ಗಂಟೆಗೆ ನೀರೆಲ್ಲ ಗುಲಾಬಿಗೆ ತಿರುಗುತ್ತಿತ್ತು. ಈಗ ಇಷ್ಟು ಸೆಕೆಯಲ್ಲಿಯೂ ನೇರಳೆಯಾಗಿಯೇ ಇದೆ. ಅಂದಮೇಲೆ ತಂಪು ಮಾಡುವ ವ್ಯವಸ್ಥೆ ಮೊದಲಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ತೊಂದರೆ ಪ್ರೊಸೆಸರಿನದ್ದೇ ಇರಬೇಕು. ಹೊಸ ಪ್ರೊಸೆಸರಿಗೆ ಎಸ್‌.ಪಿ. ರಸ್ತೆಯಲ್ಲಿ ದರವನ್ನೂ ವಿಚಾರಿಸಿಟ್ಟಿದ್ದರು. ಈ ವಾದವನ್ನು ನಾನು ಹಗುರವಾಗಿ ಕಾಣಲಿಲ್ಲ. ಕಣ್ಣಿಗೆ ಕಂಡದ್ದನ್ನು ಹೋಲಿಸಿ, ಋತುವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ತರ್ಕ ಅದು. ಅದರಲ್ಲಿ ತಪ್ಪಿದ್ದದ್ದು ಒಂದೇ ಕೊಂಡಿ. ಬಣ್ಣ ಹೇಳುವುದು ನೀರಿನ ಉಷ್ಣತೆಯನ್ನು, ಪ್ರೊಸೆಸರಿನ ಉಷ್ಣತೆಯನ್ನಲ್ಲ. ಪ್ರೊಸೆಸರಿನ ಶಾಖ ನೀರಿಗೆ ಇಳಿಯುತ್ತಿದ್ದರೆ ಮಾತ್ರ ನೀರು ಬಿಸಿಯಾಗುತ್ತದೆ. ಜನವರಿಯಲ್ಲಿ ಗುಲಾಬಿಯಾಗುತ್ತಿದ್ದ ನೀರು ಏಪ್ರಿಲ್‌ನಲ್ಲಿ ಆಗುತ್ತಿಲ್ಲವೆಂದರೆ ಶಾಖ ಹೊರಡುವ ಜಾಗದಲ್ಲಿಯೇ ಎಲ್ಲೋ ತಡೆದು ನಿಂತಿದೆ ಎಂದು ಅರ್ಥ. ಒಲೆಯ ಮೇಲಿನ ಪಾತ್ರೆಯ ತಳ ಸೀಯುತ್ತಿದ್ದರೂ ಮೇಲಿನ ಅನ್ನ ಬೇಯದೆ ಉಳಿದಿರುವಂಥ ಸ್ಥಿತಿ.

ಇಷ್ಟನ್ನು ನಾನು ಯೋಚಿಸುತ್ತಿದ್ದಾಗ ಯಂತ್ರದ ಪಕ್ಕದ ಮೇಜಿನಲ್ಲಿ ಕೂರುವ ಎಡಿಟರ್ ಹುಡುಗ, ಹಾಸನದ ಕಡೆಯವನು, ಸಂಕೋಚದಿಂದಲೇ ಹೇಳಿದ: “ಅಣ್ಣಾ, ಈ ಕಡೆಯಿಂದ ನೋಡಿ, ಕೆಳಗಿನ ಒಂದು ಪೈಪು ಮಾತ್ರ ಗುಲಾಬಿ ಇದೆ. ಒಂದು ತಿಂಗಳಿಂದ ಹೀಗೇ ಇದೆ.” ಗ್ರಾಫಿಕ್ಸ್ ಕಾರ್ಡಿನಿಂದ ಕೆಳಗಿನ ರೇಡಿಯೇಟರಿಗೆ ಇಳಿಯುವ ಗೇಣುದ್ದದ ಆ ಕೊಳವೆ ಎದುರಿನಿಂದ ಕಾಣುವಂತಿರಲಿಲ್ಲ. ಬಗ್ಗಿ ನೋಡಿದರೆ ನಿಜ, ಅದೊಂದು ಕೊಳವೆ ಮಾತ್ರ ಗುಲಾಬಿ. ಒಂದೇ ನೀರು, ಒಂದೇ ಸುತ್ತು, ಎರಡು ಬಣ್ಣ. ಪ್ರಕರಣದ ಅರ್ಧ ಭಾಗ ಆ ಕ್ಷಣಕ್ಕೆ ಬಗೆಹರಿಯಿತು. ಹುಡುಗ ಇದನ್ನು ಒಂದು ತಿಂಗಳ ಹಿಂದೆಯೇ ಕಂಡಿದ್ದ, ಯಾರೂ ಕೇಳಿರಲಿಲ್ಲ.

ಎರಡು ಬಣ್ಣದ ಲೆಕ್ಕ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,180 ಜೂಲ್ ಶಾಖ ಬೇಕು. ಗ್ಲೈಕಾಲ್ ಬೆರೆತ ಕೂಲೆಂಟಿಗೆ ಸ್ವಲ್ಪ ಕಡಿಮೆ ಸಾಕು, 4,000 ಎಂದಿಟ್ಟುಕೊಳ್ಳೋಣ. ಆರೋಗ್ಯವಾಗಿದ್ದಾಗ ಈ ಯಂತ್ರದ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಸೇರಿ 600 ವಾಟ್, ಅಂದರೆ ನಿಮಿಷಕ್ಕೆ 36,000 ಜೂಲ್ ಶಾಖ ಬಿಡುತ್ತವೆ. ನೀರು ನಿಮಿಷಕ್ಕೆ ಮೂರೂವರೆ ಲೀಟರಿನಂತೆ ಹರಿಯುತ್ತಿದ್ದರೆ ಎರಡೂ ಬ್ಲಾಕುಗಳನ್ನು ಹಾದು ಹೊರಬರುವಷ್ಟರಲ್ಲಿ ಅದು ಎರಡೂವರೆ ಡಿಗ್ರಿಯಷ್ಟೇ ಏರುತ್ತದೆ. ಹೀಗಾಗಿ ಸರಿಯಾಗಿ ಹರಿಯುವ ಸುತ್ತಿನಲ್ಲಿ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ ಉಷ್ಣತೆ, ಒಂದೇ ಬಣ್ಣ. ಸುತ್ತು ಪೂರ್ತಿಯಾಗಿ ಕೋಣೆಗಿಂತ ಹತ್ತು ಹನ್ನೆರಡು ಡಿಗ್ರಿ ಮೇಲೆ ನಿಲ್ಲುತ್ತದೆ. ಈ ಕೂಲೆಂಟ್ ಕೊಳ್ಳುವವರಲ್ಲಿ ಹಲವರು ಬಿಸಿ ಕೊಳವೆ ಒಂದು ಬಣ್ಣ, ತಣ್ಣನೆಯ ಕೊಳವೆ ಇನ್ನೊಂದು ಬಣ್ಣ ಕಾಣುತ್ತದೆ ಎಂಬ ಆಸೆಯಿಂದ ಕೊಳ್ಳುತ್ತಾರೆ. ಹಾಗೇನಾದರೂ ಕಂಡರೆ ಸಂತೋಷಪಡುವ ಬದಲು ಯಂತ್ರವನ್ನು ಆರಿಸುವುದು ಒಳ್ಳೆಯದು.

ಹರಿವನ್ನು ಅಳೆಯಲು ಕಂಪ್ಯೂಟರನ್ನು ಆರಿಸಿ, ಪಂಪಿಗೆ ಮಾತ್ರ ಬೇರೆ ಪವರ್ ಸಪ್ಲೈಯಿಂದ ವಿದ್ಯುತ್ ಕೊಟ್ಟು, ರಿಸರ್ವಾಯರಿಗೆ ಮರಳುವ ಕೊಳವೆಯನ್ನು ಬಿಚ್ಚಿ ಅಲ್ಲಿಗೊಂದು ಮೆದು ಟ್ಯೂಬು ಸಿಕ್ಕಿಸಿ ಅಳತೆಯ ಜಾರಿಗೆ ಬಿಟ್ಟೆ. ಮೂವತ್ತು ಸೆಕೆಂಡಿಗೆ ಬಂದದ್ದು 250 ಮಿಲಿಲೀಟರ್. ನಿಮಿಷಕ್ಕೆ ಅರ್ಧ ಲೀಟರು. ಕಾವೇರಿ ನೀರು ಬಿಡುವ ದಿನ ಕೊನೆಯ ಮನೆಯ ನಲ್ಲಿಯಲ್ಲಿ ಬರುವಷ್ಟು. ವೇಗ ಕಡಿತಗೊಂಡ ಮೇಲೆ ಯಂತ್ರ ಬಿಡುತ್ತಿದ್ದ 400 ವಾಟ್ ಶಾಖವನ್ನು ಇಷ್ಟು ಸಣ್ಣ ಹರಿವಿಗೆ ಹಾಕಿ ಲೆಕ್ಕ ಮಾಡಿದರೆ ಹನ್ನೆರಡು ಡಿಗ್ರಿ ಏರಿಕೆ ಬರುತ್ತದೆ. ರಿಸರ್ವಾಯರಿನ ನೀರು 34 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ ದಾಟಿದ ನೀರು 46. ಒಂದು 38ಕ್ಕಿಂತ ಕೆಳಗೆ, ಇನ್ನೊಂದು ಮೇಲೆ. ರೇಡಿಯೇಟರಿನಲ್ಲಿ ನೀರು ತೆವಳುತ್ತಾ ಸಾಗುವುದರಿಂದ ಅಲ್ಲಿ ಚೆನ್ನಾಗಿ ತಣಿದು, ಎಲ್ಲರೂ ನೋಡುವ ರಿಸರ್ವಾಯರಿಗೆ ನೇರಳೆಯಾಗಿಯೇ ಬಂದು ಸೇರುತ್ತಿತ್ತು.

ಬ್ಲಾಕಿನ ಒಳಗೆ

ಪ್ರೊಸೆಸರಿನ ಬ್ಲಾಕಿನ ಹಿಂಬದಿಯ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ ಮುಚ್ಚಳ ಎತ್ತಿದಾಗ ಮೊದಲು ಕಂಡದ್ದು ಏಣುಗಳಲ್ಲ, ಅವುಗಳನ್ನು ಮುಚ್ಚಿ ಕುಳಿತಿದ್ದ ಒಂದು ಪದರ: ಬಣ್ಣ ಮಾಸಿದ ನೇರಳೆ, ತಣಿದ ಗಂಜಿಯ ಮೇಲೆ ಕಟ್ಟುವ ಕೆನೆಯ ಹಾಗೆ ತೆಳ್ಳಗೆ, ಜಿಗುಟಾಗಿ. ಹಲ್ಲುಕಡ್ಡಿಯ ತುದಿಯಿಂದ ಒಂದು ಸಂದನ್ನು ಕೆರೆದರೆ ಒಳಗಿನಿಂದ ಎಳೆ ಎಳೆಯಾಗಿ ಬಂತು. ನೀರು ನೇರವಾಗಿ ಬಂದು ಬೀಳುವ ನಡುಭಾಗದಲ್ಲಿ ಒಂದಿಷ್ಟು ಏಣುಗಳು ತೆರೆದಿದ್ದವು. ಉಳಿದವು ಎರಡೂ ಬದಿಗೆ ಸಂಪೂರ್ಣ ಕಟ್ಟಿಹೋಗಿದ್ದವು. ಬೆರಳಿನ ನಡುವೆ ಆ ಪದರವನ್ನು ಉಜ್ಜಿದಾಗ ಮೈಶಾಖಕ್ಕೆ ಅದು ನಿಧಾನವಾಗಿ ಗುಲಾಬಿಯತ್ತ ಹೊರಳತೊಡಗಿತು. ಕಟ್ಟಿಕೊಂಡದ್ದು ಪಾಚಿಯಲ್ಲ, ತುಕ್ಕಲ್ಲ, ಬಣ್ಣದ ಗುಳಿಗೆಗಳೇ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಆದರೆ ಕೆಲವೇ ಮೈಕ್ರಾನಿನ ಗುಳಿಗೆ 250 ಮೈಕ್ರಾನಿನ ಸಂದಿನಲ್ಲಿ ಸಿಕ್ಕಿಕೊಳ್ಳಬೇಕಾದ ಕಾರಣವಿಲ್ಲ. ಅವು ಒಂದಕ್ಕೊಂದು ಅಂಟಿ ಗಂಟುಗಟ್ಟಿದರೆ ಮಾತ್ರ ಅದು ಸಾಧ್ಯ. ತೇಲುವ ಕಣಗಳುಳ್ಳ ಯಾವ ಕೂಲೆಂಟೇ ಆಗಲಿ ಕಾಲಕ್ರಮದಲ್ಲಿ ಅಷ್ಟಿಷ್ಟು ಇಳಿದೇ ಇಳಿಯುತ್ತದೆ, ಅದನ್ನು ನಾನು ಬಲ್ಲೆ. ಆದರೆ ಒಂದೂವರೆ ತಿಂಗಳಲ್ಲಿ ಈ ಪ್ರಮಾಣಕ್ಕೆ ಇಳಿದದ್ದನ್ನು ನೋಡಿರಲಿಲ್ಲ. ಮಾಮೂಲಿ ಸಂದೇಹಗಳನ್ನು ಮೊದಲು ನಿವಾರಿಸಿಕೊಂಡೆ. ಮೆದು ಪಿವಿಸಿ ಕೊಳವೆಯಿಂದ ಒಸರುವ ಅಂಟು ಪದಾರ್ಥ ಇಲ್ಲಿ ಇರಲಾರದು, ಕೊಳವೆಗಳು ಗಡಸು ಪ್ಲಾಸ್ಟಿಕ್ಕಿನವು. ಸುತ್ತಿನಲ್ಲಿ ಎಲ್ಲಿಯೂ ಅಲ್ಯೂಮಿನಿಯಂ ಇರಲಿಲ್ಲವಾದ್ದರಿಂದ ತಾಮ್ರಕ್ಕೂ ಅದಕ್ಕೂ ಆಗದೆ ಹುಟ್ಟುವ ಸವೆತವೂ ಅಲ್ಲ. ಕಾಗದಕ್ಕೆ ಅರಿಸಿನ ಹಚ್ಚಿ ಒಣಗಿಸಿ ಅದರ ಮೇಲೊಂದು ತೊಟ್ಟು ಬಿಟ್ಟು ನೋಡಿದೆ. ಗುಲಾಬಿಯ ಕಲೆಯಾಯಿತೇ ಹೊರತು ಸುಣ್ಣ ತಾಗಿದಂತೆ ಕಾಗದ ಕಂದುಗೆಂಪಾಗಲಿಲ್ಲ, ಆದ್ದರಿಂದ ದ್ರವ ತೀರಾ ಕ್ಷಾರವಾಗಿಲ್ಲ.

ಉಳಿದದ್ದು ನೀರು. ಈ ಸುತ್ತಿಗೆ ಮೇಲಿಂದ ಏನನ್ನಾದರೂ ಸೇರಿಸಿದ್ದಿರಾ ಎಂದು ಕೇಳಿದೆ. ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದು ಜೋಡಿಸಿಕೊಟ್ಟವರೇ ಹೇಳಿದ್ದರಂತೆ, ಕಚೇರಿಯ ಮೇಲ್ವಿಚಾರಣೆ ನೋಡುವ ಹಿರಿಯರೊಬ್ಬರು ಅದರಂತೆ ಮಾರ್ಚಿನಿಂದೀಚೆಗೆ ಮೂರು ಸಲ, ಒಟ್ಟು ಒಂದು ಲೋಟದಷ್ಟು, ಹಾಕಿದ್ದರಂತೆ. ಅವರು ಪ್ಯಾಂಟ್ರಿಯಿಂದ ಕ್ಯಾನನ್ನೇ ತಂದು ತೋರಿಸಿದರು: ಬ್ಯಾಟರಿ ಅಂಗಡಿಯಲ್ಲಿ ಸಿಗುವ ಐದು ಲೀಟರಿನ ಬಿಳಿ ಕ್ಯಾನು, ಮೇಲೆ ಡಿಸ್ಟಿಲ್ಡ್ ವಾಟರ್ ಎಂಬ ಚೀಟಿ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ನನ್ನ ಬಳಿ ಸದಾ ಇರುವ ಟಿಡಿಎಸ್ ಪೆನ್ನನ್ನು ಅದ್ದಿದೆ. ಬಟ್ಟಿ ಇಳಿಸಿದ ನೀರಾಗಿದ್ದರೆ ಸೊನ್ನೆಯ ಹತ್ತಿರ ನಿಲ್ಲಬೇಕಿದ್ದ ಅಂಕಿ 812ಕ್ಕೆ ಹೋಗಿ ನಿಂತಿತು. ಕೈತೊಳೆಯುವ ನಲ್ಲಿಯ ನೀರಿಗೆ ಅದ್ದಿದೆ: 805. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಿತಿಯೇ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ ಮಾತ್ರ 2,000ದವರೆಗೆ ಸಹಿಸಬಹುದೆನ್ನುತ್ತದೆ.

ಆಗ ಹಿರಿಯರಿಗೆ ನೆನಪಾಯಿತು. ಆ ಮಾರ್ಚಿನ ನೀರಿನ ಬವಣೆ ಬೆಂಗಳೂರಿನವರು ಮರೆಯುವಂಥದ್ದಲ್ಲ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ್ದ ದಿನಗಳು ಅವು. ಬೋರ್ ಕೈಕೊಡುತ್ತಿತ್ತು, ಟ್ಯಾಂಕರು ಹೇಳಿದ ದಿನ ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ ಕಟ್ಟಡದಲ್ಲಿದ್ದ ಖಾಲಿ ಬಕೆಟ್ಟು, ಬಾಟಲಿ, ಕ್ಯಾನುಗಳನ್ನೆಲ್ಲ ತುಂಬಿಸಿಡುತ್ತಿದ್ದರು. ಬ್ಯಾಟರಿ ನೀರು ಮುಗಿದ ಕ್ಯಾನೂ ಅವುಗಳಲ್ಲಿ ಒಂದಾಗಿತ್ತು. ಚೀಟಿಯನ್ನು ಮಾತ್ರ ಯಾರೂ ಕಿತ್ತಿರಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡಾಗ ನಾನೇ ಹೇಳಬೇಕಾಯಿತು: “ಬಿಡಿ ಯಜಮಾನ್ರೇ, ಚೀಟಿ ನೋಡಿ ನಾನಾಗಿದ್ರೂ ಅದನ್ನೇ ಹಾಕ್ತಿದ್ದೆ.”

ಪಟಿಕ ಹಾಕಿದ ಕೊಡ

ಗಡಸು ನೀರು ಗುಳಿಗೆಗಳನ್ನು ಏಕೆ ಗಂಟುಗಟ್ಟಿಸುತ್ತದೆ ಎಂಬುದಕ್ಕೆ ಹಳ್ಳಿಯ ಅನುಭವವೊಂದು ಸಾಕು. ಕೆಂಪಗೆ ಕದಡಿದ ಕೆರೆಯ ನೀರಿನ ಕೊಡದಲ್ಲಿ ಪಟಿಕವನ್ನು ನಾಲ್ಕು ಸುತ್ತು ತಿರುಗಿಸಿದರೆ ಮಣ್ಣು ಅಡಿಗಿಳಿದು ನೀರು ತಿಳಿಯಾಗುತ್ತದೆ. ಮಣ್ಣಿನ ಕಣಗಳ ಮೈಮೇಲೆ ಒಂದೇ ಬಗೆಯ ವಿದ್ಯುದಂಶವಿದ್ದು ಅವು ಪರಸ್ಪರ ದೂರ ತಳ್ಳಿಕೊಂಡು ತೇಲುತ್ತಿರುತ್ತವೆ; ಪಟಿಕದಲ್ಲಿನ ಅಲ್ಯೂಮಿನಿಯಂ ಅಯಾನುಗಳು ಆ ತಳ್ಳಾಟವನ್ನು ಅಡಗಿಸಿದಾಗ ಕಣಗಳು ಕೂಡಿಕೊಂಡು ಭಾರವಾಗುತ್ತವೆ. ಅಯಾನಿನ ವಿದ್ಯುದಂಶ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಿದಂತೆ ಈ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆಂಬುದನ್ನು ಷುಲ್ಸ್ ಮತ್ತು ಹಾರ್ಡಿ ಎಂಬ ವಿಜ್ಞಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಗುರುತಿಸಿದ್ದರು. ಬೋರ್ ನೀರಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡು ವಿದ್ಯುದಂಶದವು. ಉಪ್ಪಿನ ಸೋಡಿಯಂಗಿಂತ ಅವುಗಳ ಕೈ ಬಲು ಮೇಲು. ಒಂದೂಕಾಲು ಲೀಟರಿನ ಸುತ್ತಿಗೆ ಒಂದು ಲೋಟ ಇಂಥ ನೀರು ಬಿದ್ದರೆ ಗುಳಿಗೆಗಳನ್ನು ತೇಲಿಸಿಟ್ಟಿದ್ದ ರಾಸಾಯನಿಕವೂ ತೆಳುವಾಗಿ, ತಳ್ಳಾಟವೂ ಸೋತು, ನೀರಿನ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗವಾದ ಪ್ರೊಸೆಸರ್ ಬ್ಲಾಕು ಸೋಸುಬಟ್ಟೆಯಾಗುತ್ತದೆ.

ಇದನ್ನು ಬಾಯಿಮಾತಿಗೆ ಬಿಡಲು ಮನಸ್ಸಾಗದೆ, ಸ್ಟುಡಿಯೊದ ಬೀರುವಿನಲ್ಲಿ ಉಳಿದಿದ್ದ ಮೂಲ ಕೂಲೆಂಟಿನ ಅರ್ಧ ಬಾಟಲಿಯಿಂದ ಎರಡು ಉಪ್ಪಿನಕಾಯಿ ಜಾಡಿಗಳಿಗೆ ಸಮನಾಗಿ ಬಗ್ಗಿಸಿ, ಒಂದಕ್ಕೆ ಹೊಸ ಡಿಸ್ಟಿಲ್ಡ್ ವಾಟರನ್ನು, ಇನ್ನೊಂದಕ್ಕೆ ಆ ಕ್ಯಾನಿನ ನೀರನ್ನು ಏಳಕ್ಕೆ ಒಂದರಂತೆ ಸೇರಿಸಿ ಬಿಸಿಲು ತಾಗದ ಕಪಾಟಿನಲ್ಲಿಟ್ಟೆ. ದಿನಕ್ಕೆರಡು ಬಾರಿ ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಗುಲಾಬಿಯಾಗಿಸಿ ಆರಿಸುತ್ತಿದ್ದೆ. ಆರನೆಯ ದಿನ ಮೊದಲ ಜಾಡಿ ಇಟ್ಟಂತೆಯೇ ಇತ್ತು. ಎರಡನೆಯದರ ತಳದಲ್ಲಿ ಬೆರಳುಗುರಿನಷ್ಟು ದಪ್ಪನೆಯ ಗಸಿ, ಮೇಲೆ ನೀರುನೀರಾದ ತಿಳಿ. ಜಾಡಿಯನ್ನು ಅಲುಗಾಡಿಸಿದಾಗ ಗಸಿ ಮತ್ತೆ ಹುಡಿಯಾಗದೆ ತುಣುಕು ತುಣುಕಾಗಿ ಎದ್ದಿತು.

ದುರಸ್ತಿ

ಬ್ಲಾಕನ್ನು ಪಾತ್ರೆ ತೊಳೆಯುವ ಸೋಪಿನ ತೆಳು ನೀರು ಮತ್ತು ಮೆದು ಟೂತ್‌ಬ್ರಶ್ಶಿನಿಂದ ತೊಳೆದೆ. ಜಿಗುಟು ಬೇಗ ಬಿಡುತ್ತದೆಂದು ಕೆಲವರು ಸ್ಪಿರಿಟ್ ಸುರಿಯುತ್ತಾರೆ. ಬ್ಲಾಕಿನ ಮುಚ್ಚಳವೂ ರಿಸರ್ವಾಯರೂ ಅಕ್ರಿಲಿಕ್ಕಿನವಾದರೆ ಆಲ್ಕೊಹಾಲು ಅದರ ಮೈಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿಸುತ್ತದೆ, ಆ ಬಿರುಕು ತಿಂಗಳ ನಂತರ ಗ್ರಾಫಿಕ್ಸ್ ಕಾರ್ಡಿನ ಮೇಲೆ ಸೋರುತ್ತದೆ. ನಿಕ್ಕಲ್ ಲೇಪನಕ್ಕೆ ವಿನೆಗರೂ ಒಳ್ಳೆಯದಲ್ಲ. ಹೆಚ್ಚು ಹೊತ್ತು ತಿಂದದ್ದು ರೇಡಿಯೇಟರುಗಳು: ಬೆಚ್ಚಗಿನ ಡಿಸ್ಟಿಲ್ಡ್ ನೀರು ತುಂಬಿ, ಎರಡು ಕೈಯಲ್ಲಿ ಹಿಡಿದು ಕುಲುಕಿ, ಬಿಳಿ ಬಕೆಟ್ಟಿಗೆ ಚೆಲ್ಲಿ, ಬಣ್ಣ ನಿಲ್ಲುವವರೆಗೆ ಒಂಬತ್ತು ಸಲ. ಪುನಃ ಜೋಡಿಸಿ ಹರಿವನ್ನು ಅಳೆದಾಗ ಮೂವತ್ತು ಸೆಕೆಂಡಿಗೆ 1,750 ಮಿಲಿಲೀಟರ್ ಬಂತು. ರೆಂಡರ್ ನಾಲ್ಕು ಗಂಟೆ ಐದು ನಿಮಿಷಕ್ಕೆ ಮುಗಿಯಿತು, ಪ್ರೊಸೆಸರ್ 80 ಡಿಗ್ರಿ ದಾಟಲಿಲ್ಲ, ನೀರು 40ರಲ್ಲಿ ನಿಂತಿತು.

ಯಾವ ದ್ರವ ತುಂಬಬೇಕೆಂಬುದರ ಬಗ್ಗೆ ಒಡತಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಆ ಬಣ್ಣವನ್ನು ನೋಡಿಯೇ ಗಿರಾಕಿಗಳು ಮಾತು ಶುರುಮಾಡುತ್ತಾರೆ, ಅದನ್ನು ತೆಗೆಯಬೇಡಿ ಎಂದು ಅವರು. ದಿನಕ್ಕೆ ಹತ್ತು ಗಂಟೆ ದುಡಿಯುವ ಯಂತ್ರಕ್ಕೆ ಗಸಿ ಇಳಿಯುವ ದ್ರವ ಬೇಡವೆಂದು ನಾನು. ಪ್ರದರ್ಶನಕ್ಕೆಂದು ವಾರವೊಪ್ಪತ್ತು ಓಡಿಸುವ ಯಂತ್ರವಾಗಿದ್ದರೆ ನಾನೇ ಸಂತೋಷದಿಂದ ತುಂಬಿಕೊಡುತ್ತಿದ್ದೆ. ಕೊನೆಗೆ ತಿಳಿಯಾದ ಕೂಲೆಂಟ್ ಹಾಕಿ, ರಿಸರ್ವಾಯರಿನ ಹಿಂದೆ ಎಲ್ಇಡಿ ಪಟ್ಟಿ ಕೂರಿಸಿ, ಅದರ ಬಣ್ಣ ಪ್ರೊಸೆಸರಿನ ಉಷ್ಣತೆಗೆ ತಕ್ಕಂತೆ ನೇರಳೆಯಿಂದ ಗುಲಾಬಿಗೆ ತಿರುಗುವಂತೆ ಮಾಡಿದ್ದಾಯಿತು. ಜೊತೆಗೊಂದು ಹರಿವಿನ ಸೆನ್ಸರ್. ನಿಮಿಷಕ್ಕೆ ಎರಡು ಲೀಟರಿಗಿಂತ ಇಳಿದರೆ ಅದು ಕೂಗುತ್ತದೆ. ಬಿಳಿ ಕ್ಯಾನಿನ ಚೀಟಿಯನ್ನು ಹಿರಿಯರು ತಾವೇ ಕಿತ್ತು, ಮಾರ್ಕರಿನಲ್ಲಿ ‘ಬೋರ್ ನೀರು’ ಎಂದು ದಪ್ಪಗೆ ಬರೆದಿಟ್ಟರು.

ಮೂಲ ಕೂಲೆಂಟಿನಲ್ಲಿ ಉಳಿದದ್ದನ್ನು ಎಡಿಟರ್ ಹುಡುಗ ಕೇಳಿ ಪಡೆದು, ಒಂದು ಗಾಜಿನ ಸೀಸೆಗೆ ಹಾಕಿ ತನ್ನ ಮೇಜಿನ ಪಕ್ಕದ ಪಶ್ಚಿಮದ ಕಿಟಕಿಯಲ್ಲಿ ಇಟ್ಟುಕೊಂಡ. ಬೆಳಿಗ್ಗೆ ನೇರಳೆ, ನಾಲ್ಕರ ಬಿಸಿಲಿಗೆ ಗುಲಾಬಿ, ಏಳರ ಹೊತ್ತಿಗೆ ಮತ್ತೆ ನೇರಳೆ. ಗಡಿಯಾರ ನೋಡುವ ಅಗತ್ಯವೇ ಇಲ್ಲ ಎನ್ನುತ್ತಿದ್ದ. ಲ್ಯೂಕೊ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ, ನೇರಳಾತೀತ ಕಿರಣ ಬಿದ್ದಷ್ಟೂ ಅದರ ತಿರುಗುವ ಶಕ್ತಿ ಕುಂದುತ್ತದೆ ಎಂದು ಹೇಳಿದ್ದೆ. ಹರಿವಿನ ಸೆನ್ಸರಿನ ತಂತಿ ಸರಿಪಡಿಸಲು ಜುಲೈನಲ್ಲಿ ನಾನು ಮತ್ತೆ ಹೋದಾಗ ಹೊರಗೆ ಜಡಿಮಳೆ, ಕೋಣೆಯಲ್ಲಿ 24 ಡಿಗ್ರಿ. ಸೀಸೆ ಕಿಟಕಿಯಲ್ಲೇ ಇತ್ತು, ಗುಲಾಬಿಯಾಗಿ.